ಬಲ್ಬು ಹತ್ತಲಿಲ್ಲ ಎಂದು ಬರೆದ ಹುಡುಗಿಗೆ

ಈ ಸಲ ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಾಗ ಖುಷಿಯಾಯಿತು. ಐದು ಪತ್ರಗಳು ಒಂದೇ ವಿಷಯದ ಸುತ್ತ ಇದ್ದವು. ನೀರಿನಲ್ಲಿ ಕರೆಂಟು ಹೇಗೆ ಹರಿಯುತ್ತದೆ, ಹರಿದಾಗ ಏನಾಗುತ್ತದೆ ಅನ್ನುವುದು. ಸಾಗರದ ಸುತ್ತಮುತ್ತಲ ಹೈಸ್ಕೂಲುಗಳಲ್ಲಿ 31 ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು. ಮಕ್ಕಳು ತಾವೇ ಕೈಯಿಂದ ಮಾಡಿ ನೋಡಬಹುದಾದ ಪಾಠಗಳಲ್ಲಿ ಇದು ನನಗೆ ಎಲ್ಲಕ್ಕಿಂತ ಇಷ್ಟ. ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು ಈಗ ಇವಕ್ಕೇ ಉತ್ತರ ಬರೆಯುತ್ತೇನೆ.

ಪ್ರಶ್ನೆ: ಮೇಡಂ, ನಿಂಬೆರಸದಲ್ಲಿ ಎರಡು ಮೊಳೆ ಇಟ್ಟು, ಎರಡು ಸೆಲ್ ಮತ್ತು ಟಾರ್ಚ್ ಬಲ್ಬು ಜೋಡಿಸಿದೆ. ನಿಂಬೆರಸ ವಿದ್ಯುತ್ ವಾಹಕ ಎಂದು ಪಾಠದಲ್ಲಿದೆ. ಆದರೆ ಬಲ್ಬು ಹತ್ತಲೇ ಇಲ್ಲ. ಮೂರು ಸಲ ಮಾಡಿದೆ. ರೆಕಾರ್ಡಿನಲ್ಲಿ ‘ಬಲ್ಬು ಬೆಳಗಿತು’ ಅಂತ ಬರಿ ಎಂದು ಟೀಚರ್ ಹೇಳಿದರು. ನಾನು ‘ಹತ್ತಲಿಲ್ಲ’ ಎಂದೇ ಬರೆದೆ. ತಪ್ಪಾ? (8ನೇ ತರಗತಿ ವಿದ್ಯಾರ್ಥಿನಿ, ಹೊಸನಗರ ತಾಲ್ಲೂಕು)

ಉತ್ತರ: ತಪ್ಪಲ್ಲ ಪುಟ್ಟಾ. ನೀನು ಕಂಡಿದ್ದನ್ನು ಬರೆದಿದ್ದೀಯ. ಅದೂ ಮೂರು ಸಲ ಮಾಡಿ ನೋಡಿ ಬರೆದಿದ್ದೀಯ. ಆ ಪುಟವನ್ನು ಹರಿಯಬೇಡ. ಪಾಠದಲ್ಲಿರುವುದೂ ಸರಿ, ನೀನು ಕಂಡಿದ್ದೂ ಸರಿ. ಅದು ಹೇಗೆ ಅಂತ ನೋಡೋಣ.

ಆ ಬಲ್ಬಿನ ಹಿತ್ತಾಳೆ ಕೊರಳನ್ನು ಬೆಳಕಿಗೆ ಹಿಡಿದು ನೋಡು. 2.5 ವೋಲ್ಟ್, 0.3 ಆಂಪಿಯರ್ ಅಂತ ಸಣ್ಣಕ್ಷರದಲ್ಲಿ ಏನಾದರೂ ಕೊರೆದಿರುತ್ತದೆ. ಅಂದರೆ ಒಳಗಿನ ತಂತಿ ಕಾದು ಕೆಂಪಾಗಲು ಸುಮಾರು 300 ಮಿಲಿ ಆಂಪಿಯರ್ ಕರೆಂಟು ಬೇಕು. ಎರಡು ಸೆಲ್ಲಿಗೆ ನಿಂಬೆರಸದ ಮೂಲಕ ಹರಿಯುವುದು ಕೆಲವೇ ಮಿಲಿ ಆಂಪಿಯರ್. ಕರೆಂಟು ಹರಿದಿದೆ, ಆದರೆ ಬಲ್ಬಿಗೆ ಸಾಲಲಿಲ್ಲ. ಅಷ್ಟೇ ಆಗಿದ್ದು.

ಹಾಗಾದರೆ ಹರಿದಿದೆ ಅಂತ ತೋರಿಸುವುದು ಹೇಗೆ? ಎರಡು ದಾರಿ ಇವೆ. ಒಂದು, ಬಲ್ಬಿನ ಬದಲು ಕೆಂಪು ಎಲ್‌ಇಡಿ ಹಾಕು. ಅದಕ್ಕೆ ಕೆಲವೇ ಮಿಲಿ ಆಂಪಿಯರ್ ಸಾಕು. ಆದರೆ ಎರಡು ಸೆಲ್ಲಿನ 3 ವೋಲ್ಟ್ ಸಾಲುವುದು ಕಷ್ಟ. ಎಲ್‌ಇಡಿಯೇ ಸುಮಾರು 2 ವೋಲ್ಟ್ ಕೇಳುತ್ತದೆ. ಮೊಳೆಯ ತುದಿಯಲ್ಲಿ ಆಗುವ ರಾಸಾಯನಿಕ ಕ್ರಿಯೆಗೂ ಅದರ ಪಾಲು ಕೊಡಬೇಕು. 9 ವೋಲ್ಟಿನ ಚೌಕ ಬ್ಯಾಟರಿ ತಗೋ. ಮೊಳೆಗಳು ಒಂದಕ್ಕೊಂದು ತಾಗಿದರೂ ಎಲ್‌ಇಡಿ ಸುಡದಿರಲಿ ಅಂತ ಜೊತೆಗೆ 470 ಓಮ್‌ನ ಒಂದು ರೆಸಿಸ್ಟರ್ ಹಾಕು. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆಗೆ ಬರಬೇಕು.

ಎರಡನೇ ದಾರಿ ನನಗೆ ಇನ್ನೂ ಇಷ್ಟ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೇಳಿದರೆ ತೆಳು ತಂತಿಯ ತುಂಡು ಸುಮ್ನೆ ಕೊಡುತ್ತಾರೆ. ಬೆಂಕಿಪೊಟ್ಟಣದ ಒಳಗಿನ ತಟ್ಟೆಯಲ್ಲಿ ಸಣ್ಣ ದಿಕ್ಸೂಚಿ ಇಟ್ಟು, ಅದರ ಮೇಲಿಂದ ಆ ತಂತಿಯನ್ನು 40 ಸುತ್ತು ಸುತ್ತು. ತಂತಿಯ ಎರಡೂ ತುದಿಗಳ ಮೇಲಿನ ಬಣ್ಣವನ್ನು ಬ್ಲೇಡಿನಿಂದ ಕೆರೆದು ತೆಗೆ. ಸುತ್ತುಗಳು ಮುಳ್ಳಿನ ನೇರಕ್ಕೆ ಬರುವಂತೆ ಪೊಟ್ಟಣ ತಿರುಗಿಸಿಡು. ಬಲ್ಬು ಇದ್ದ ಜಾಗದಲ್ಲಿ ಇದನ್ನು ಜೋಡಿಸಿ, ಮೊಳೆಗಳನ್ನು ನಿಂಬೆರಸಕ್ಕೆ ಇಳಿಸು. ಮುಳ್ಳು ಸ್ವಲ್ಪ ವಾಲುತ್ತದೆ. ಮೇಲೆತ್ತು, ಮುಳ್ಳು ಮೊದಲಿನ ಜಾಗಕ್ಕೆ ಬರುತ್ತದೆ. ತಂತಿಯಲ್ಲಿ ಕರೆಂಟು ಹರಿದರೆ ಪಕ್ಕದ ದಿಕ್ಸೂಚಿ ಅಲುಗುತ್ತದೆ ಎಂದು ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲಿ ಕಂಡಿದ್ದನ್ನೇ ನೀನು ಇಲ್ಲಿ ಬಳಸುತ್ತಿದ್ದೀಯ. ಆಮೇಲೆ ಅದೇ ಮೊಳೆಗಳನ್ನು ತೊಳೆದು ಸಕ್ಕರೆ ನೀರಿಗೆ ಇಳಿಸಿ ನೋಡು, ಉಪ್ಪು ನೀರಿಗೆ ಇಳಿಸಿ ನೋಡು. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಯಾಕೆ ವ್ಯತ್ಯಾಸ? ಸಿಗಂದೂರಿಗೆ ಹೋಗಿದ್ದೀಯಲ್ವಾ? ಈಗ ಅಲ್ಲಿ ಸೇತುವೆ ಇದೆ. ಮೊದಲು ಹಿನ್ನೀರು ದಾಟಲು ಲಾಂಚ್ ಒಂದೇ ದಾರಿ. ತಾಮ್ರದ ತಂತಿ ಸೇತುವೆ ಇದ್ದ ಹಾಗೆ. ಎಲೆಕ್ಟ್ರಾನುಗಳು ತಮ್ಮಷ್ಟಕ್ಕೆ ದಾಟಿಕೊಂಡು ಹೋಗುತ್ತವೆ, ಸೇತುವೆಗೆ ಏನೂ ಆಗುವುದಿಲ್ಲ. ನೀರಿನಲ್ಲಿ ಸೇತುವೆ ಇಲ್ಲ. ಅಲ್ಲಿ ವಿದ್ಯುತ್ತನ್ನು ಹೊತ್ತು ದಾಟಿಸಲು ಲಾಂಚ್ ಬೇಕು. ಆ ಲಾಂಚುಗಳೇ ಅಯಾನುಗಳು, ಅಂದರೆ ಪ್ಲಸ್ ಅಥವಾ ಮೈನಸ್ ವಿದ್ಯುದಂಶ ಇರುವ ಕಣಗಳು. ಉಪ್ಪು ನೀರಿಗೆ ಬಿದ್ದರೆ ಸೋಡಿಯಂ ಅಯಾನು, ಕ್ಲೋರೈಡ್ ಅಯಾನು ಎಂದು ಎರಡಾಗಿ ಬಿಡಿಸಿಕೊಳ್ಳುತ್ತದೆ. ಪ್ಲಸ್ ಇರುವುದು ಒಂದು ದಡಕ್ಕೆ, ಮೈನಸ್ ಇರುವುದು ಇನ್ನೊಂದು ದಡಕ್ಕೆ. ಸಕ್ಕರೆ ಕರಗುತ್ತದೆ ನಿಜ, ಆದರೆ ಅದರ ಅಣು ಇಡಿಯಾಗಿಯೇ ಉಳಿಯುತ್ತದೆ. ಅದಕ್ಕೆ ಪ್ಲಸ್ಸೂ ಇಲ್ಲ, ಮೈನಸ್ಸೂ ಇಲ್ಲ. ಹೊತ್ತು ದಾಟಿಸುವವರೇ ಇಲ್ಲ. ಅಪ್ಪಟ ನೀರಿನಲ್ಲಿ ಸುಮಾರು 55 ಕೋಟಿ ಅಣುಗಳಿಗೆ ಒಂದು ಮಾತ್ರ ತಾನಾಗಿ ಬಿಡಿಸಿಕೊಂಡಿರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ನಿನ್ನ ಮುಳ್ಳು ಅಲುಗದಿರುವುದು ಅದಕ್ಕೇ.

ಇನ್ನೊಂದನ್ನು ಮರೆಯಬೇಡ. ಲಾಂಚ್ ದಡಕ್ಕೆ ಬಂದ ಮೇಲೆ ಜನ ಇಳಿಯಬೇಕು, ಹತ್ತಬೇಕು. ಮೊಳೆಯ ತುದಿಯೇ ಆ ದಡ. ಅಲ್ಲಿ ಎಲೆಕ್ಟ್ರಾನು ಕೊಡುವುದು, ಪಡೆಯುವುದು ನಡೆಯುತ್ತದೆ. ಹಾಗಾಗಿ ಅಲ್ಲಿ ಏನಾದರೂ ಹೊಸದು ಹುಟ್ಟಲೇಬೇಕು. ಗುಳ್ಳೆ ಏಳಬಹುದು, ಬಣ್ಣ ಬದಲಾಗಬಹುದು, ಲೋಹ ಬಂದು ಕೂರಬಹುದು, ಇಲ್ಲವೇ ಮೊಳೆಯೇ ಕರಗಬಹುದು. 1800ರಲ್ಲಿ ವೋಲ್ಟಾ ಮೊದಲ ಬ್ಯಾಟರಿಯ ಸುದ್ದಿ ಹೇಳಿದ ಕೆಲವೇ ವಾರಗಳಲ್ಲಿ ಲಂಡನ್ನಿನ ನಿಕಲ್ಸನ್ ಮತ್ತು ಕಾರ್ಲೈಲ್ ಎಂಬ ಇಬ್ಬರು ತಂತಿಯ ತುದಿಯಲ್ಲಿ ಗುಳ್ಳೆ ಏಳುವುದನ್ನು ಕಂಡರು. ನೀರು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುತ್ತಿತ್ತು. ಅವರೂ ನಿನ್ನ ಹಾಗೆ ತುದಿಯನ್ನು ಬಗ್ಗಿ ನೋಡಿದವರು.

ರೆಕಾರ್ಡಿನಲ್ಲಿ ‘ಬಲ್ಬು ಹತ್ತಲಿಲ್ಲ’ ಎಂಬುದರ ಕೆಳಗೆ ‘ದಿಕ್ಸೂಚಿ ವಾಲಿತು’ ಎಂದು ಸೇರಿಸು. ಎಷ್ಟು ವಾಲಿತು ಅಂತಲೂ ಬರಿ. ನಿನ್ನ ಟೀಚರಿಗೂ ಕರೆದು ತೋರಿಸು. ಅವರಿಗೂ ಸಂತೋಷ ಆಗುತ್ತದೆ.

ಪ್ರಶ್ನೆ: ನಮ್ಮ ಮನೆಗೆ ನೀರಿನ ಫಿಲ್ಟರ್ ಮಾರುವವರು ಬಂದಿದ್ದರು. ಒಂದು ಲೋಟದಲ್ಲಿ ನಮ್ಮ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ಅವರ ಫಿಲ್ಟರ್ ನೀರು ಇಟ್ಟು, ಸರಳುಗಳಿದ್ದ ಒಂದು ಮಿಷನ್ನನ್ನು ಎರಡರಲ್ಲೂ ಮುಳುಗಿಸಿ ಪ್ಲಗ್ ಹಾಕಿದರು. ಒಂದೇ ನಿಮಿಷಕ್ಕೆ ನಮ್ಮ ನೀರು ಕೆಸರಿನ ಹಾಗೆ ಕಂದಾಯಿತು. ಅವರದು ತಿಳಿಯಾಗಿಯೇ ಇತ್ತು. ‘ಇಷ್ಟು ದಿನ ಇದನ್ನೇ ಕುಡಿದಿದ್ದೀರಿ’ ಎಂದರು. ಅಂದಿನಿಂದ ನಮ್ಮತ್ತೆ ಮನೆ ನೀರು ಮುಟ್ಟುತ್ತಿಲ್ಲ. ಇದು ನಿಜವೇ? (ಗೃಹಿಣಿ, ತುಮಕೂರು ಜಿಲ್ಲೆ)

ಉತ್ತರ: ಅತ್ತೆಯವರಿಗೆ ಈ ಉತ್ತರವನ್ನು ಗಟ್ಟಿಯಾಗಿ ಓದಿ ಹೇಳಿ. ಆ ಕಂದು ಬಣ್ಣ ನಿಮ್ಮ ನೀರಿನಿಂದ ಬಂದದ್ದಲ್ಲ. ಅದು ಅವರ ಮಿಷನ್ನಿನ ಕಬ್ಬಿಣದ ಸರಳಿನಿಂದ ಬಂದದ್ದು.

ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಶಿವಮೊಗ್ಗದ ನನ್ನ ತಂಗಿಯ ಮನೆಗೂ ಹೀಗೇ ಒಬ್ಬರು ಬಂದಿದ್ದರು. ನಾನು ಅಲ್ಲೇ ಇದ್ದೆ. ಲೋಟದ ಪಕ್ಕ ಕಣ್ಣಿಟ್ಟು ಕೂತೆ. ನೀರು ಎಲ್ಲ ಕಡೆ ಒಟ್ಟಿಗೆ ಕಂದಾಗಲಿಲ್ಲ. ಒಂದು ಸರಳಿನ ಮೈಯಿಂದ ಮೊದಲು ತೆಳು ಹಸಿರು ಎಳೆ ಬಿಚ್ಚಿಕೊಂಡಿತು. ಆಮೇಲೆ ಅದೇ ಕಾವಿ ಬಣ್ಣಕ್ಕೆ ತಿರುಗಿ, ಚೂರು ಚೂರಾಗಿ ಕೆಳಗಿಳಿಯಿತು. ಇನ್ನೊಂದು ಸರಳಿನಲ್ಲಿ ಬರೀ ಗುಳ್ಳೆ. ಮೇಲೆ ನೊರೆ ಕಟ್ಟಿತು. ಆ ಮಿಷನ್ನಿನ ಪ್ಲಸ್ ಸರಳು ಕಬ್ಬಿಣದ್ದು, ಮೈನಸ್ ಸರಳು ಅಲ್ಯೂಮಿನಿಯಂನದು. ಕರೆಂಟು ಹರಿದ ಕೂಡಲೇ ಕಬ್ಬಿಣ ಕರಗಿ ನೀರಿಗೆ ಸೇರುತ್ತದೆ. ಅಲ್ಲಿ ತುಕ್ಕಿನ ಜಾತಿಯ ಕೆಸರಾಗುತ್ತದೆ. ಬಳಸಿ ಬಳಸಿ ಆ ಸರಳುಗಳು ಸವೆದು ಗೀರುಗೀರಾಗಿದ್ದವು.

ಫಿಲ್ಟರ್ ನೀರು ಯಾಕೆ ತಿಳಿಯಾಗಿತ್ತು? ಅದರಲ್ಲಿ ಉಪ್ಪಿನಂಶ ತೀರಾ ಕಡಿಮೆ. ಮೇಲೆ ಹೇಳಿದ ಲಾಂಚುಗಳು ಅಲ್ಲಿಲ್ಲ. ಕರೆಂಟು ಹರಿಯಲಿಲ್ಲ, ಹಾಗಾಗಿ ಕಬ್ಬಿಣ ಕರಗಲಿಲ್ಲ. ನಾನು ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪು ತಂದು ‘ಇದನ್ನು ನಿಮ್ಮ ಲೋಟಕ್ಕೆ ಹಾಕಿ ಇನ್ನೊಮ್ಮೆ ತೋರಿಸಿ’ ಎಂದೆ. ಅವರು ಒಪ್ಪಲಿಲ್ಲ. ನಾನೇ ಹಾಕಿ ಪ್ಲಗ್ ಒತ್ತಿದೆ. ಅವರ ನೀರು ನಮ್ಮದಕ್ಕಿಂತ ಜಾಸ್ತಿ ಕಂದಾಯಿತು. ದಿನವೂ ಸಾರಿಗೆ ಹಾಕುವ ಉಪ್ಪದು. ತಿಳಿದೂ ಜನರನ್ನು ಹೀಗೆ ಹೆದರಿಸುವುದು ನನಗೆ ಸಹಿಸುವುದಿಲ್ಲ. ಕುಡಿಯುವ ನೀರಿನ ಮೇಲೆ ಒಮ್ಮೆ ಅನುಮಾನ ಹುಟ್ಟಿಸಿದರೆ ಮನೆಮಂದಿಯ ನೆಮ್ಮದಿಯೇ ಹೋಗುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ನಿಮ್ಮ ಬೋರ್‌ವೆಲ್ ನೀರು ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ನಿಮ್ಮ ಜಿಲ್ಲೆಯ ಪಾವಗಡದ ಕಡೆ ಫ್ಲೋರೈಡ್ ತೊಂದರೆ ಇರುವುದು ಎಲ್ಲರಿಗೂ ಗೊತ್ತು. ಕೋಲಾರ, ಚಿಕ್ಕಬಳ್ಳಾಪುರದಲ್ಲೂ ಇದೆ. ಆದರೆ ಫ್ಲೋರೈಡ್ ಇದೆಯೋ ಇಲ್ಲವೋ ಎಂದು ಆ ಮಿಷನ್ ಹೇಳಲಾರದು. ಪೆನ್ನಿನಂಥ ಟಿಡಿಎಸ್ ಮೀಟರ್ ಕೂಡ ಹೇಳಲಾರದು. ಟಿಡಿಎಸ್ ಮೀಟರ್ ಮಾಡುವುದು ಒಂದೇ ಕೆಲಸ. ಎರಡು ಪುಟ್ಟ ಕಡ್ಡಿಗಳ ನಡುವೆ ನೀರು ಎಷ್ಟು ಕರೆಂಟು ಹರಿಯಬಿಡುತ್ತದೆ ಎಂದು ಅಳೆಯುತ್ತದೆ. ಅದನ್ನು ಒಂದು ಸಂಖ್ಯೆಯಿಂದ ಗುಣಿಸಿ, ಇಷ್ಟು ಲವಣ ಇರಬಹುದು ಎಂದು ಅಂದಾಜು ತೋರಿಸುತ್ತದೆ. ಒಂದು ಲೋಟಕ್ಕೆ ಒಂದು ಚಮಚ ಸಕ್ಕರೆ ಹಾಕಿ ಅದನ್ನು ಅದ್ದಿ ನೋಡಿ, ಅಂಕಿ ಏರುವುದೇ ಇಲ್ಲ. ಚಿಟಿಕೆ ಉಪ್ಪು ಹಾಕಿ, ಸರ್ರನೆ ಏರುತ್ತದೆ. ರೋಗಾಣುಗಳಂತೂ ಅದಕ್ಕೆ ಕಾಣುವುದೇ ಇಲ್ಲ.

ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರ ಪ್ರಕಾರ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದ ಕಡೆ 2000ದವರೆಗೆ ಒಪ್ಪಬಹುದು. ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5. ನೈಟ್ರೇಟ್ 45 ಮೀರಬಾರದು. ನಿಮ್ಮ ಜಿಲ್ಲೆಯ ಕುಡಿಯುವ ನೀರಿನ ಪರೀಕ್ಷಾ ಪ್ರಯೋಗಾಲಯಕ್ಕೆ ನೀರು ಕೊಡಿ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿದರೆ ಎಲ್ಲಿ, ಹೇಗೆ ಎಂದು ಹೇಳುತ್ತಾರೆ. ಆ ವರದಿ ಕೈಗೆ ಬಂದ ಮೇಲೆ ಫಿಲ್ಟರ್ ಬೇಕೋ, ಯಾವುದು ಬೇಕೋ ತೀರ್ಮಾನಿಸಿ. ಫ್ಲೋರೈಡ್ ಜಾಸ್ತಿ ಇದ್ದರೆ ಅದನ್ನು ತೆಗೆಯುವಂಥದ್ದನ್ನೇ ಖಂಡಿತ ಹಾಕಿಸಿ.

ಪ್ರಶ್ನೆ: ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು ಎನ್ನುತ್ತಾರೆ. ಅದು ಕರೆಂಟನ್ನು ಹರಿಯಬಿಡುವುದಿಲ್ಲ ಅಂತ ನೀವೇ ಹಿಂದೊಮ್ಮೆ ಬರೆದಿದ್ದಿರಿ. ಹರಿಯಬಿಡದ ನೀರನ್ನು ಬ್ಯಾಟರಿಗೆ ಹಾಕುವುದು ಯಾಕೆ? ಫಿಲ್ಟರ್ ನೀರೋ ಮಳೆ ನೀರೋ ಆಗುವುದಿಲ್ಲವೇ? (ಕಿರಾಣಿ ಅಂಗಡಿಯವರು, ಹಾವೇರಿ)

ಉತ್ತರ: ಸೊಗಸಾದ ಪ್ರಶ್ನೆ. ಬ್ಯಾಟರಿಯ ಒಳಗೆ ಮೊದಲೇ ಸಲ್ಫ್ಯೂರಿಕ್ ಆಮ್ಲ ಇದೆ. ಕರೆಂಟು ಹೊರುವ ಅಯಾನುಗಳನ್ನು ಅದೇ ಕೊಡುತ್ತದೆ. ಚಾರ್ಜ್ ಆಗುವಾಗ ಸ್ವಲ್ಪ ನೀರು ಹೈಡ್ರೋಜನ್, ಆಕ್ಸಿಜನ್ ಆಗಿ ಹಾರಿಹೋಗುತ್ತದೆ. ಆಮ್ಲ ಹಾರುವುದಿಲ್ಲ. ಹೋಗಿದ್ದು ನೀರು ಮಾತ್ರ, ಹಾಗಾಗಿ ನೀವು ತುಂಬಬೇಕಾದ್ದೂ ನೀರು ಮಾತ್ರ. ಬೋರ್‌ವೆಲ್ ನೀರು ಹಾಕಿದರೆ ಅದರ ಕಬ್ಬಿಣ, ಕ್ಲೋರೈಡ್, ಕ್ಯಾಲ್ಸಿಯಂ ಎಲ್ಲ ಒಳಗೇ ಉಳಿಯುತ್ತವೆ. ಪ್ರತಿ ಸಲ ತುಂಬಿದಾಗಲೂ ಸೇರುತ್ತಾ ಹೋಗುತ್ತವೆ. ಕಬ್ಬಿಣದ ಅಂಶ ಸೇರಿದರೆ ಬ್ಯಾಟರಿ ಸುಮ್ನೆ ಕೂತಿದ್ದರೂ ಚಾರ್ಜ್ ಇಳಿಯುತ್ತದೆ. ಕ್ಲೋರೈಡ್ ಪ್ಲೇಟುಗಳನ್ನು ತಿನ್ನುತ್ತದೆ. ಫಿಲ್ಟರ್ ನೀರಿನಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ. ಸೂರಿನ ಮಳೆ ನೀರಿಗೆ ಹಂಚಿನ ಧೂಳು, ತಗಡಿನ ಸತು ಸೇರಿರುತ್ತದೆ. ಎರಡೂ ಬೇಡ.

ಇನ್ನೂ ಎರಡು ಮಾತು. ನೀರು ಕಡಿಮೆಯಾಯಿತು ಎಂದು ಆಮ್ಲ ಸುರಿಯಬೇಡಿ. ಬ್ಯಾಟರಿ ಅಂಗಡಿಯವರ ಹತ್ತಿರ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇರುತ್ತದೆ. ಪೂರ್ತಿ ಚಾರ್ಜ್ ಆದಾಗ ಒಳಗಿನ ದ್ರವದ ಸಾಂದ್ರತೆ 1.24ರಿಂದ 1.28ರ ಆಸುಪಾಸು ಇರುತ್ತದೆ. ಬ್ಯಾಟರಿ ಖಾಲಿಯಾಗುತ್ತಾ ಬಂದ ಹಾಗೆ ಆಮ್ಲ ಪ್ಲೇಟುಗಳಿಗೆ ಸೇರಿಕೊಂಡು ಸಾಂದ್ರತೆ ಇಳಿಯುತ್ತದೆ. ನೀರು ಹಾಕಿ, ಪೂರ್ತಿ ಚಾರ್ಜ್ ಮಾಡಿ, ಆಮೇಲೆ ಅಳೆಸಿ. ಎರಡನೆಯದು ತುಂಬಾ ಮುಖ್ಯ. ಬ್ಯಾಟರಿಯನ್ನು ದೇವರ ಗೂಡಿನ ಕೆಳಗೆ ಇಡುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಗಾಳಿಯಲ್ಲಿ ನೂರಕ್ಕೆ 4 ಪಾಲು ಹೈಡ್ರೋಜನ್ ಸೇರಿದರೆ ಸಾಕು, ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ. ನೀರಿನ ಮಟ್ಟ ನೋಡಲು ಬೆಂಕಿಕಡ್ಡಿ ಗೀರಬೇಡಿ, ಟಾರ್ಚ್ ಬಳಸಿ. ಗಾಳಿ ಆಡುವ ಜಾಗದಲ್ಲಿ ಇಡಿ.

ಪ್ರಶ್ನೆ: ಬೋರ್ಡೋ ಸರಿಯಾಗಿದೆಯೋ ಇಲ್ಲವೋ ನೋಡಲು ನಾವು ಕತ್ತಿ ಅದ್ದಿ ನೋಡುತ್ತೇವೆ. ಸುಣ್ಣ ಕಡಿಮೆಯಾದರೆ ಕತ್ತಿಗೆ ತಾಮ್ರ ಹತ್ತುತ್ತದೆ. ಒನ್ ಗ್ರಾಂ ಗೋಲ್ಡ್ ಬಳೆಗೆ ಕರೆಂಟಿನಲ್ಲಿ ಚಿನ್ನ ಹತ್ತಿಸುತ್ತಾರಂತೆ. ನಮ್ಮ ಕತ್ತಿಗೆ ಕರೆಂಟಿಲ್ಲದೆ ಹೇಗೆ ಹತ್ತುತ್ತದೆ? (ಅಡಿಕೆ ಬೆಳೆಗಾರರು, ಸಿರಸಿ)

ಉತ್ತರ: ನಿಮ್ಮ ಪತ್ರ ಓದಿ ನಮ್ಮಪ್ಪ ನೆನಪಾದರು. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಔಷಧಿ ಹೊಡೆಸುವ ದಿನ. ಮರ ಹತ್ತುವ ಕೊನೆಗೌಡ ಬರುವಷ್ಟರಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಬೆರೆಸಿ ಬೋರ್ಡೋ ಮಿಶ್ರಣ ಆಗಿರಬೇಕು. ಅಪ್ಪ ಕತ್ತಿಯನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿಕೊಂಡು ಮಿಶ್ರಣದಲ್ಲಿ ಒಂದು ನಿಮಿಷ ಅದ್ದಿ ಹಿಡಿಯುತ್ತಿದ್ದರು. ತೆಗೆದು ಅಂಗಳದ ಬೆಳಕಿಗೆ ತಿರುಗಿಸುತ್ತಿದ್ದರು. ಅಲಗಿನ ಅಂಚಿನಲ್ಲಿ ಹೊಸ ತಾಮ್ರದ ಚೊಂಬಿನ ಬಣ್ಣ ಕಂಡರೆ ‘ಇನ್ನೊಂದು ಹಿಡಿ ಸುಣ್ಣ’ ಅನ್ನುತ್ತಿದ್ದರು. ಹೆಬ್ಬೆರಳಿನಿಂದ ಉಜ್ಜಿದರೆ ಆ ಬಣ್ಣ ಹೋಗಿಬಿಡುತ್ತಿತ್ತು. ನನ್ನ ಮೊದಲ ರಸಾಯನಶಾಸ್ತ್ರದ ಪಾಠ ಅದು.

ಕತ್ತಿಯಲ್ಲೂ ಎಲೆಕ್ಟ್ರಾನುಗಳ ವಹಿವಾಟೇ ನಡೆಯುವುದು. ಕಬ್ಬಿಣ ತನ್ನ ಎಲೆಕ್ಟ್ರಾನನ್ನು ತಾಮ್ರಕ್ಕಿಂತ ಸುಲಭವಾಗಿ ಬಿಟ್ಟುಕೊಡುತ್ತದೆ. ಅಲಗಿನ ಕಬ್ಬಿಣ ಸ್ವಲ್ಪ ಕರಗಿ ನೀರಿಗೆ ಇಳಿಯುತ್ತದೆ. ಅದು ಬಿಟ್ಟ ಎಲೆಕ್ಟ್ರಾನನ್ನು ನೀರಿನಲ್ಲಿರುವ ತಾಮ್ರದ ಅಯಾನು ಹಿಡಿದುಕೊಂಡು ಲೋಹವಾಗಿ ಅಲಗಿನ ಮೇಲೆ ಕೂರುತ್ತದೆ. ಹೊರಗಿನ ಸೆಲ್ ಬೇಕಾಗುವುದಿಲ್ಲ. ಸುಣ್ಣ ಸಾಕಷ್ಟಿದ್ದರೆ ತಾಮ್ರವೆಲ್ಲ ಸುಣ್ಣದ ಜೊತೆ ಕಟ್ಟಿಕೊಂಡು ನೀಲಿ ಗಸಿಯಾಗಿರುತ್ತದೆ. ಬಿಡಿ ಅಯಾನು ಇರುವುದಿಲ್ಲ, ಕತ್ತಿಗೆ ಏನೂ ಹತ್ತುವುದಿಲ್ಲ. ಬಿಡಿ ತಾಮ್ರ ಉಳಿದರೆ ಎಳೆ ಅಡಿಕೆ ಸುಡುತ್ತದೆ, ಅದಕ್ಕೇ ಈ ಪರೀಕ್ಷೆ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು ಎನ್ನುವುದೂ ಇದೇ ಕಾರಣಕ್ಕೆ.

ಬಳೆಯದು ಬೇರೆ ಕಥೆ. ಕತ್ತಿಯ ಮೇಲಿನ ತಾಮ್ರ ಉಜ್ಜಿದರೆ ಹೋಗುತ್ತದೆ ಅಲ್ವಾ? ಹಾಗಾಗದೆ ಗಟ್ಟಿಯಾಗಿ, ಬೇಕಾದಷ್ಟೇ ದಪ್ಪಕ್ಕೆ ಲೋಹ ಕೂರಬೇಕಾದರೆ ಹೊರಗಿನಿಂದ ಅಳತೆ ಮಾಡಿ ಕರೆಂಟು ಕೊಡಬೇಕು. ಎಷ್ಟು ಕರೆಂಟು ಎಷ್ಟು ಹೊತ್ತು ಹರಿಯಿತೋ ಅದರ ಲೆಕ್ಕಕ್ಕೆ ಸರಿಯಾಗಿ ಲೋಹ ಕೂರುತ್ತದೆ. 1830ರ ದಶಕದಲ್ಲಿ ಇಂಗ್ಲೆಂಡಿನ ಮೈಕಲ್ ಫ್ಯಾರಡೆ ಕಂಡುಕೊಂಡ ನಿಯಮ ಇದು. ಬಡ ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿಯಲ್ಲಿ ಕೆಲಸ ಕಲಿತವರು. ಅವರ ಲೆಕ್ಕದ ಪ್ರಕಾರ 1 ಆಂಪಿಯರ್ ಕರೆಂಟು 1 ಗಂಟೆ ಹರಿದರೆ ಸುಮಾರು 1.19 ಗ್ರಾಂ ತಾಮ್ರ ಅಥವಾ 4.02 ಗ್ರಾಂ ಬೆಳ್ಳಿ ಕೂರುತ್ತದೆ.

ತಾಮ್ರವನ್ನು ಮನೆಯಲ್ಲೇ ಮಾಡಿ ನೋಡಬಹುದು. ಗಾಜಿನ ಲೋಟದಲ್ಲಿ ಮೈಲುತುತ್ತ ಕರಗಿಸಿ. ಪೆನ್ಸಿಲ್ಲನ್ನು ಎರಡೂ ತುದಿಗೆ ಚೂಪು ಮಾಡಿ ಒಂದು ತುದಿಯನ್ನು ಸೆಲ್ಲಿನ ಮೈನಸ್‌ಗೆ ಜೋಡಿಸಿ. ಪ್ಲಸ್‌ಗೆ ದಪ್ಪ ತಾಮ್ರದ ತಂತಿ. ಎರಡನ್ನೂ ಲೋಟಕ್ಕೆ ಇಳಿಸಿ. ಪೆನ್ಸಿಲ್ಲಿನ ಕಪ್ಪು ತುದಿ ಸ್ವಲ್ಪ ಹೊತ್ತಿನಲ್ಲೇ ಕೆಂಪಗಾಗುತ್ತದೆ. ಇತ್ತ ತಂತಿ ಅಷ್ಟೇ ಸವೆಯುತ್ತದೆ. ಉಳಿದ ನೀರನ್ನು ಬಾವಿ, ಕೆರೆ, ಹಳ್ಳದ ಹತ್ತಿರ ಚೆಲ್ಲಬೇಡಿ, ಮೀನು ಸಾಯುತ್ತವೆ. ಚಿನ್ನದ ಪ್ಲೇಟಿಂಗನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಆ ದ್ರಾವಣದಲ್ಲಿ ಸಾಮಾನ್ಯವಾಗಿ ಸೈನೈಡ್ ಇರುತ್ತದೆ. ಬಳೆಯ ಮೇಲಿನ ಚಿನ್ನ ಕೆಲವು ಸಲ ಒಂದು ಮೈಕ್ರಾನಿಗಿಂತಲೂ ತೆಳು. ಅದರ ಸಣ್ಣ ತೂತುಗಳಲ್ಲಿ ಬೆವರಿನ ಉಪ್ಪು ಇಳಿದು ಕೆಳಗಿನ ತಾಮ್ರವನ್ನು ಹಸಿರಾಗಿಸುತ್ತದೆ. ತೊಟ್ಟು ಬಿಚ್ಚಿದ ಮೇಲೆ ಮೆತ್ತನೆ ಬಟ್ಟೆಯಿಂದ ಒರೆಸಿಟ್ಟರೆ ಹೆಚ್ಚು ದಿನ ಬರುತ್ತದೆ.

ಪ್ರಶ್ನೆ: ತೋಟದ ಮನೆಯ ಸಣ್ಣ ಸೋಲಾರ್ ಪ್ಯಾನಲ್ಲಿನ ವೈರನ್ನು ಇಲಿ ಕಡಿದಿದೆ. ಉಳಿದಿರುವ ಎರಡೂ ತುದಿ ಕಪ್ಪು. ಪ್ಲಸ್ ಯಾವುದು ಎಂದು ಮೀಟರ್ ಇಲ್ಲದೆ ತಿಳಿಯಬಹುದೇ? (ರೈತರು, ಚನ್ನಗಿರಿ)

ಉತ್ತರ: ತಿಳಿಯಬಹುದು, ಒಂದು ಆಲೂಗಡ್ಡೆ ಸಾಕು. ಪ್ಯಾನಲ್ ಮೇಲೆ ಗೋಣಿಚೀಲ ಮುಚ್ಚಿ. ತಾಮ್ರದ ಎಳೆ ಕಾಣುವಂತೆ ಎರಡೂ ವೈರಿನ ತುದಿ ಸುಲಿಯಿರಿ. ಆಲೂಗಡ್ಡೆಯನ್ನು ಎರಡು ಹೋಳು ಮಾಡಿ, ಕೊಯ್ದ ಮೈಗೆ ಎರಡು ತುದಿಗಳನ್ನೂ ಒಂದು ಬೆರಳಿನಷ್ಟು ದೂರದಲ್ಲಿ ಚುಚ್ಚಿ. ಒಂದಕ್ಕೊಂದು ತಾಗಬಾರದು. ಈಗ ಗೋಣಿ ತೆಗೆದು ಬಿಸಿಲು ಬೀಳಲು ಬಿಡಿ, ಸ್ವಲ್ಪ ಹೊತ್ತು ಕಾಯಿರಿ. ಒಂದು ತಂತಿಯ ಸುತ್ತ ಹಸಿರು ಮಿಶ್ರಿತ ನೀಲಿ ಕಲೆ ಕಾಣುತ್ತದೆ. ಅದೇ ಪ್ಲಸ್. ಅಲ್ಲಿ ತಂತಿಯ ತಾಮ್ರ ಕರಗಿ ಆಲೂಗಡ್ಡೆಗೆ ಇಳಿಯುತ್ತಿರುತ್ತದೆ. ಇನ್ನೊಂದರ ಬುಡದಲ್ಲಿ ಸಣ್ಣ ನೊರೆ ಏಳುತ್ತದೆ. ಅದು ಮೈನಸ್. ಪುನಃ ಗೋಣಿ ಮುಚ್ಚಿ, ಪ್ಲಸ್ ವೈರಿಗೆ ಕೆಂಪು ಟೇಪ್ ಸುತ್ತಿ, ಆಮೇಲೆ ಜೋಡಿಸಿ.

ಇದು ಒಂದೇ ಸಣ್ಣ ಪ್ಯಾನಲ್ಲಿಗೆ ಮಾತ್ರ. ಪಂಪ್‌ಸೆಟ್ಟಿಗೆ ಹಾಕಿರುವ ಸಾಲು ಪ್ಯಾನಲ್ಲುಗಳಲ್ಲಿ ನೂರಾರು ವೋಲ್ಟ್ ಇರುತ್ತದೆ, ಜೀವಕ್ಕೆ ಅಪಾಯ, ಮುಟ್ಟಬೇಡಿ. ಮನೆಯ ಗೋಡೆಯ ಪ್ಲಗ್ಗಿನಲ್ಲಂತೂ ಯಾವತ್ತೂ ಬೇಡ. ಪರೀಕ್ಷೆ ಮುಗಿದ ಮೇಲೆ ಆ ಆಲೂಗಡ್ಡೆಯನ್ನು ಪಲ್ಯಕ್ಕೆ ಹಾಕಬೇಡಿ, ದನಕ್ಕೂ ಹಾಕಬೇಡಿ. ತಾಮ್ರ ಸೇರಿರುತ್ತದೆ, ಹೂತುಬಿಡಿ.